ಪೈಲಟ್ ಆಗಲು ಹೊರಟವರ ಎಕೋಗೆ ಅವಸರ ಬೇಡ

ನಾನು ಪುಣೆಯಲ್ಲಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವ ಟೆಕ್ನಿಶಿಯನ್. ಬಾರಾಮತಿಯಲ್ಲಿ ವಿಮಾನ ಹಾರಿಸಲು ಕಲಿಯುವ ಹುಡುಗ ಹುಡುಗಿಯರು ನಮ್ಮ ಕ್ಲಿನಿಕ್ಕಿಗೂ ಬರುತ್ತಾರೆ. ಪೈಲಟ್ ಆಗಲು ಬೇಕಾದ ಮೆಡಿಕಲ್ ತಪಾಸಣೆಯಲ್ಲಿ ಎದೆಬಡಿತದ ಜೊತೆ ಮರ್ಮರ್ (ಸುಯ್ಯೆನ್ನುವ ಹೆಚ್ಚುವರಿ ಸದ್ದು) ಕೇಳಿಸಿದರೆ ಡಾಕ್ಟರು ಎಕೋಗೆ ಬರೆದುಕೊಡುತ್ತಾರೆ. ಈ ಕೆಲಸದಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡ ಪಾಠ ಇದು: ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಾದ ಅಯೋರ್ಟಿಕ್ ವಾಲ್ವನ್ನು ಮುಚ್ಚಿದಾಗ ನೋಡಿ ನಂಬಬಾರದು, ತೆರೆದಾಗ ನೋಡಬೇಕು.

ಈ ವಾಲ್ವಿಗೆ ಮೂರು ಎಸಳು ಇರುತ್ತವೆ. ನೂರರಲ್ಲಿ ಒಬ್ಬಿಬ್ಬರಿಗೆ ಹುಟ್ಟಿನಿಂದಲೇ ಎರಡು. ಎಷ್ಟೋ ಸಲ ಎರಡು ಎಸಳು ಅಂಟಿಕೊಂಡ ಜಾಗದಲ್ಲಿ ಒಂದು ಗೆರೆ ಉಳಿದಿರುತ್ತದೆ. ವಾಲ್ವ್ ಮುಚ್ಚಿದಾಗ ಆ ಗೆರೆಯಿಂದಾಗಿ ಮೂರು ಎಸಳು ಇದ್ದ ಹಾಗೇ ಕಾಣುತ್ತದೆ. ತೆರೆದ ಕ್ಷಣಕ್ಕೆ ಚಿತ್ರ ನಿಲ್ಲಿಸಿ ನೋಡಿದರೆ ತ್ರಿಕೋನ ಇಲ್ಲ, ಮೀನಿನ ಬಾಯಿ!

ವಿಜಯಪುರದಿಂದ ಮಗನನ್ನು ಕರೆತಂದಿದ್ದ ತಂದೆಯೊಬ್ಬರು ಕೇಳಿದರು, "ದಿನಾ ಐದ್ ಕಿಲೋಮೀಟರ್ ಓಡ್ತಾನ್ರೀ ಮೇಡಮ್, ಅವಂಗೇನ್ ಆಗೇತ್ರೀ?" ಅವರ ಮಾತು ನಿಜವೇ. ಈ ವಯಸ್ಸಿನಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಆದರೆ ವರ್ಷ ಕಳೆದಂತೆ ವಾಲ್ವ್ ಗಡುಸಾಗಿ ಕಿರಿದಾಗಬಹುದು, ಸೋರಬಹುದು, ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳ ಮಹಾಪಧಮನಿ ಹಿಗ್ಗಬಹುದು. ತೀರಾ ಕಿರಿದಾದರೆ ಎಚ್ಚರ ತಪ್ಪಿ ಬೀಳುವುದೂ ಉಂಟು. ಕಾಕ್‌ಪಿಟ್‌ನಲ್ಲಿ ಹಾಗಾದರೆ ಗತಿಯೇನು?

ವಾಲ್ವ್ ದಾಟುವ ರಕ್ತದ ವೇಗ ಸೆಕೆಂಡಿಗೆ 4 ಮೀಟರ್ ಮುಟ್ಟಿದರೆ ವಾಲ್ವ್ ತೀವ್ರವಾಗಿ ಕಿರಿದಾಗಿದೆ ಅಂತ ಲೆಕ್ಕ. ಈ ವೇಗ ಅಳೆಯುವ ಡಾಪ್ಲರ್ ಎಂಬ ಶಬ್ದದಲೆಯ ಕಿರಣ ರಕ್ತ ಹರಿಯುವ ನೇರಕ್ಕೆ ಇಲ್ಲದಿದ್ದರೆ ಮೆಷಿನ್ ಕಮ್ಮಿ ತೋರಿಸುತ್ತದೆ. ಅದಕ್ಕೇ ಎದೆಯ ಎಡಗಡೆಯಿಂದ ಮಾತ್ರ ನೋಡಿ ಮುಗಿಸಬಾರದು. ಬಲಕ್ಕೆ ಹೊರಳಿಸಿ ಬಲ ಎದೆಯಿಂದ, ಆಮೇಲೆ ಕುತ್ತಿಗೆ ಬುಡದ ಗುಳಿಯಿಂದಲೂ ನೋಡಬೇಕು. ಸ್ಪಷ್ಟವಾಗಿ ಸಿಕ್ಕ ವೇಗಗಳಲ್ಲಿ ಜಾಸ್ತಿ ಇದ್ದದ್ದನ್ನೇ ಬರೆಯಬೇಕು. ಆ ಹೊತ್ತಿನ ಬಿಪಿ, ಮಹಾಪಧಮನಿಯ ಅಗಲ ಇವೂ ಬೇಕು. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಸರಿ.

ಎರಡೇ ಎಸಳು ಅಂದಾಕ್ಷಣ ಕನಸು ಮುಗಿಯಿತು ಅಂತಲ್ಲ. ಹೃದಯದಲ್ಲಿ, ಮಹಾಪಧಮನಿಯಲ್ಲಿ ಬೇರೆ ದೋಷ ಇಲ್ಲದಿದ್ದರೆ ಯುರೋಪಿನ ನಿಯಮಗಳಲ್ಲಿ ಫಿಟ್ ಕೊಡಲು ಅವಕಾಶ ಇದೆ. ನಮ್ಮಲ್ಲಿ ತೀರ್ಮಾನ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎದ್ದು, ಟೆಕ್ನಿಶಿಯನ್ನರದ್ದಲ್ಲ. ಮೆಕ್ಯಾನಿಕಲ್ ವಾಲ್ವ್ ಹಾಕಿಸಿಕೊಂಡವರ ಕಥೆಯೇ ಬೇರೆ. ರಕ್ತ ತೆಳು ಮಾಡುವ ಮಾತ್ರೆ ಜೀವನಪೂರ್ತಿ ನುಂಗಬೇಕು, ರಕ್ತಸ್ರಾವದ ಅಪಾಯ ಜೊತೆಗೇ ಇರುತ್ತದೆ.

ಆ ತಂದೆಗೆ ನಾನು ಹೇಳಿದ್ದು, "ಬರೀ ರಿಪೋರ್ಟ್ ಒಯ್ದರೆ ಸಾಲದು ಕಾಕಾ, ಚಿತ್ರಗಳ ಸೀಡಿನೂ ಕೇಳಿ ತಗೊಳ್ಳಿ." ಮುಂದಿನ ಸಲ ಎಕೋ ಮಾಡುವವರು ವಾಲ್ವಿನ ಹಳೆಯ ಚಿತ್ರವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಲ್ವಾ.