ರೈಫಲ್ಲಿನ ಟ್ರಿಗರ್ ಬದಲಾಯಿಸಲು ಎಷ್ಟು ಖರ್ಚಾಗುತ್ತದೆ?

ಭಾನುವಾರ ಬೆಳಿಗ್ಗೆ ಶೂಟಿಂಗ್ ರೇಂಜಿನ ಮೂಲೆಯಲ್ಲಿರುವ ನನ್ನ ರಿಪೇರಿ ಮೇಜಿನ ಮುಂದೆ ಕುಳಿತು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಈ ಪ್ರಶ್ನೆ ಬಂದು ನಿಂತಿರುತ್ತದೆ. ಕೇಳುವವರು ಹೆಚ್ಚಾಗಿ ಅಪ್ಪಂದಿರು. ಮಗನೋ ಮಗಳೋ ಹತ್ತು ಮೀಟರ್ ಏರ್ ರೈಫಲ್ ಕಲಿಯಲು ಸೇರಿ ಮೂರು ತಿಂಗಳಾಗಿರುತ್ತದೆ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ಲಿನಲ್ಲಿ ಕಂಚು ಗೆದ್ದ ಮೇಲೆ ಇಂಥ ಅಪ್ಪಂದಿರ ಸಂಖ್ಯೆ ಇನ್ನಷ್ಟು ಹೆಚ್ಚಿದೆ. ಆಮದು ರೈಫಲ್ಲಿಗೆ ಲಕ್ಷಗಟ್ಟಲೆ ಸುರಿಯಲು ಆಗದೆ, ಅಭ್ಯಾಸಕ್ಕೆಂದು ನಮ್ಮ ದೇಶದಲ್ಲೇ ತಯಾರಾದ, ನಳಿಕೆ ಮಡಚಿ ಸ್ಪ್ರಿಂಗ್ ಬಿಗಿಯುವ ಅಗ್ಗದ ರೈಫಲ್ ಕೊಂಡಿರುತ್ತಾರೆ. ಅಂಕ ಮೇಲೇರುತ್ತಿಲ್ಲ. "ಟ್ರಿಗರ್ ತುಂಬಾ ಬಿಗಿ ಸಾರ್. ಕಡಿಮೆ ಖರ್ಚಿನಲ್ಲಿ ಒಳ್ಳೆಯದೊಂದು ಹಾಕಿಸಬಹುದೇ?"

ನನ್ನ ಉತ್ತರ: ಹೊಸ ಟ್ರಿಗರ್ ಸದ್ಯಕ್ಕೆ ಬೇಡ, ಮೊದಲು ಒಂದು ತಕ್ಕಡಿ ಕೊಳ್ಳಿ. ಈ ಮಾತಿಗೆ ಹೆಚ್ಚಿನವರ ಮುಖ ಸಣ್ಣದಾಗುತ್ತದೆ. ಆದ್ದರಿಂದ ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ.

ಟ್ರಿಗರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದು ತಪ್ಪಲ್ಲ. ಹತ್ತು ಮೀಟರಿನ ಗುರಿಹಲಗೆಯಲ್ಲಿ ಹತ್ತು ಅಂಕ ಎಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಅದರಾಚೆಗಿನ ಪ್ರತಿ ವೃತ್ತವೂ ಹಿಂದಿನದಕ್ಕಿಂತ 2.5 ಮಿ.ಮೀ. ದೂರದಲ್ಲಿದೆ. ಗುರಿ ನೋಡಲು ರೈಫಲ್ಲಿನ ಮೇಲಿರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 80 ಸೆಂ.ಮೀ. ಇದೆ ಎಂದುಕೊಳ್ಳಿ. ಬೆರಳು ಎಳೆಯುವಾಗ ಮುಂದಿನ ಸೈಟು 0.2 ಮಿ.ಮೀ. ಸರಿದರೆ ಸಾಕು, ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಪೂರ್ತಿ ಒಂದು ವೃತ್ತ ಆಚೆ ಹೋಗಿ ಕೂರುತ್ತದೆ. 0.2 ಮಿ.ಮೀ. ಎಂದರೆ ಎರಡು ಮೂರು ತಲೆಗೂದಲಿನ ದಪ್ಪ. ಇನ್ನು ರೈಫಲ್ಲಿನ ತೂಕ ಮೂರು ಕಿಲೋ, ಟ್ರಿಗರ್ ಕೇಳುವ ಎಳೆತ ಎರಡೂವರೆ ಕಿಲೋ ಎಂದಾದರೆ, ಹಿಡಿದ ವಸ್ತುವಿನ ಹೆಚ್ಚುಕಡಿಮೆ ಅಷ್ಟೇ ಭಾರದಿಂದ ಅದನ್ನೇ ಎಳೆಯುತ್ತಾ ಅದು ಅಲುಗಬಾರದು ಎಂದು ಹದಿಮೂರು ವರ್ಷದ ಮಗುವಿಗೆ ಹೇಳಿದಂತಾಯಿತು. ಒಲಿಂಪಿಕ್ಸಿನಲ್ಲಿ ಆಡುವವರ ರೈಫಲ್ ಐದೂವರೆ ಕಿಲೋವರೆಗೂ ಇರಬಹುದು, ಟ್ರಿಗರ್ ನೂರು ಗ್ರಾಂ ಕೂಡ ಕೇಳುವುದಿಲ್ಲ. ಹತ್ತು ಮೀಟರ್ ಪಿಸ್ತೂಲಿಗಾದರೆ 500 ಗ್ರಾಂ ಕನಿಷ್ಠ ಎಂಬ ನಿಯಮವಿದೆ, ಹತ್ತು ಮೀಟರ್ ರೈಫಲ್ಲಿಗೆ ಅಂಥ ಮಿತಿಯಿಲ್ಲ.

ಹಾಗಾದರೆ ನಮ್ಮದನ್ನೂ ನೂರು ಗ್ರಾಮಿಗೆ ಇಳಿಸಿಕೊಡಿ ಎನ್ನುತ್ತಾರೆ. ಇಲ್ಲಿ ಸ್ವಲ್ಪ ಒಳಗೆ ಇಣುಕಬೇಕು.

ಹಳಬರು ಕೋವಿಯ ಕುದುರೆ ಎಳೆಯುವುದು ಎನ್ನುತ್ತಿದ್ದರು. ನಿಜಕ್ಕೂ ಒಳಗೆ ಕಟ್ಟಿ ನಿಲ್ಲಿಸಿದ ಒಂದು ಶಕ್ತಿ ಇರುತ್ತದೆ, ಅದನ್ನು ತಡೆದು ಹಿಡಿದ ಒಂದು ಕೊಕ್ಕೆ ಇರುತ್ತದೆ. ಆ ಕೊಕ್ಕೆಗೆ ಸಿಯರ್ ಎಂದು ಹೆಸರು. ಟ್ರಿಗರ್ ಮಾಡುವ ಕೆಲಸ ಸಿಯರನ್ನು ಜಾರಿಸುವುದಷ್ಟೇ. ದುಬಾರಿ ಸ್ಪರ್ಧಾ ರೈಫಲ್ಲಿನಲ್ಲಿ ಶಕ್ತಿ ಇರುವುದು ಸಿಲಿಂಡರಿನ ಒತ್ತಿದ ಗಾಳಿಯಲ್ಲಿ. ಸಿಯರ್ ಹಿಡಿದಿರುವುದು ಕವಾಟಕ್ಕೆ ಬಡಿಯುವ ಒಂದು ಪುಟ್ಟ ಸುತ್ತಿಗೆಯನ್ನು ಮಾತ್ರ. ಕುರಿಮರಿ ಕಟ್ಟಲು ನೂಲಿನ ಹಗ್ಗ ಸಾಕು. ಸ್ಪ್ರಿಂಗ್ ರೈಫಲ್ಲಿನಲ್ಲಿ ಸಿಯರ್ ಹಿಡಿದಿರುವುದು ನೀವು ಮೈಯೆಲ್ಲ ಭಾರ ಬಿಟ್ಟು ಬಿಗಿದ ಸ್ಪ್ರಿಂಗಿನ ಪೂರ್ತಿ ಸಿಟ್ಟನ್ನು. ಅಗ್ಗದವುಗಳಲ್ಲಿ ಅದನ್ನು ಹಿಡಿಯಲು ಒಂದೇ ಒಂದು ಕೊಕ್ಕೆ, ಅದನ್ನು ನೇರವಾಗಿ ಜಾರಿಸುವ ಒಂದೇ ಟ್ರಿಗರ್. ಜರ್ಮನಿಯ ವೈಹ್ರಾಕ್ ಕಂಪನಿಯ ರೆಕಾರ್ಡ್ ಎಂಬ ಟ್ರಿಗರ್ ಹೆಸರುವಾಸಿಯಾದದ್ದು ಇದೇ ಕಾರಣಕ್ಕೆ. ಅವರು ಸ್ಪ್ರಿಂಗಿಗೂ ಬೆರಳಿಗೂ ನಡುವೆ ಸನ್ನೆಕೋಲುಗಳ ಸರಣಿಯನ್ನೇ ಇಟ್ಟು, ಭಾರ ಹಂತಹಂತವಾಗಿ ಇಳಿಯುವಂತೆ ಮಾಡಿದರು. ಒಂದೇ ಕೊಕ್ಕೆಯ ರೈಫಲ್ಲಿನಲ್ಲಿ ಆ ಹಗುರವನ್ನು ಅರದಿಂದ ಉಜ್ಜಿ ತರಲು ಹೋಗುವುದು ಎಮ್ಮೆ ಕಟ್ಟುವ ಹಗ್ಗವನ್ನು ಬ್ಲೇಡಿನಿಂದ ಕೆತ್ತಿ ತೆಳುವಾಗಿಸಿದಂತೆ.

ನಾನು ಹಾಗೆ ಕೆತ್ತಿದವನೇ. ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದ ಕಾಲ, ಕೈಯಲ್ಲಿ ಕಸುಬು ಇದೆ ಎಂಬ ಜಂಬ. ನನ್ನ ರೈಫಲ್ಲಿನ ಸಿಯರನ್ನು ಬಿಚ್ಚಿ, ಎಣ್ಣೆಕಲ್ಲಿನ ಮೇಲೆ ಒಂದು ಇಡೀ ಸಂಜೆ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿದೆ. ಹದಿನೈದು ದಿನ ಸ್ವರ್ಗ. ಬೆರಳು ಮುಟ್ಟಿದರೆ ಸಾಕು, ಹಾರುತ್ತಿತ್ತು. ಹದಿನಾರನೆಯ ದಿನ ನಳಿಕೆ ಮಡಚಿ, ಪೆಲೆಟ್ ಇಡಲು ಎಡಗೈ ಹೆಬ್ಬೆರಳು ಮುಂದೆ ಚಾಚಿದ್ದೆ. ಟ್ರಿಗರನ್ನು ಯಾರೂ ಮುಟ್ಟಿರಲಿಲ್ಲ. ಸಿಯರ್ ತಾನಾಗಿಯೇ ಜಾರಿತು, ನಳಿಕೆ ಇಲಿಬೋನಿನ ಹಾಗೆ ಫಟ್ಟೆಂದು ಮೇಲಕ್ಕೆ ಹೊಡೆಯಿತು. ಉಗುರು ಕಪ್ಪಾಗಿ ಬಿದ್ದುಹೋಯಿತು, ಹಿಡಿಕೆಯ ಮರ ಕತ್ತಿನ ಬಳಿ ಸೀಳಿತು. ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಸಿಯರಿನ ಅಂಚು ಬೆಲ್ಲದಚ್ಚಿನ ಮೂಲೆಯಂತೆ ಸವೆದು ದುಂಡಗಾಗಿತ್ತು. ಇಂಥ ಬಿಡಿಭಾಗಗಳಿಗೆ ಕೊಡುವ ಗಟ್ಟಿತನ ಬರೀ ಮೇಲ್ಪದರದ್ದು, ಕೋಡುಬಳೆಯ ಹೊರಗಿನ ಗರಿಯಂತೆ. ನಾನು ಉಜ್ಜಿ ತೆಗೆದದ್ದು ಅದನ್ನೇ, ಕೆಳಗೆ ಉಳಿದದ್ದು ಮೆದು ಕಬ್ಬಿಣ. ದಿನವಿಡೀ ಉಕ್ಕು ಹದ ಮಾಡುವವರ ನಡುವೆ ಕೆಲಸ ಮಾಡುತ್ತಿದ್ದವನಿಗೆ ಇದು ಹೊಳೆಯದೆ ಹೋದದ್ದು ಇಂದಿಗೂ ನಾಚಿಕೆ ತರಿಸುತ್ತದೆ.

ನನ್ನಂಥ ಹವ್ಯಾಸಿಯಷ್ಟೇ ಎಡವುತ್ತಾನೆ ಎಂದಲ್ಲ. ಅಮೆರಿಕದ ರೆಮಿಂಗ್ಟನ್ ಕಂಪನಿ 2006ರಿಂದ 2014ರವರೆಗೆ ತಯಾರಿಸಿದ ಒಂದು ಬಗೆಯ ಟ್ರಿಗರ್ ಇದ್ದ ಮಾಡೆಲ್ 700 ರೈಫಲ್‌ಗಳನ್ನು 2014ರ ಏಪ್ರಿಲ್‌ನಲ್ಲಿ ವಾಪಸ್ ಕರೆಯಿತು. ಜೋಡಣೆಯ ವೇಳೆ ಬಳಸಿದ ಅಂಟು ಕೆಲವದರಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ, ಗುಂಡು ತಾನಾಗಿ ಹಾರುವ ಸಾಧ್ಯತೆ ಇದೆ ಎಂಬುದು ಕಾರಣ. ಒಂದು ತೊಟ್ಟು ಅಂಟು!

ಈಗ ತಕ್ಕಡಿಯ ಕಥೆ. ಹೋದ ವರ್ಷ ಮಡಿಕೇರಿ ಕಡೆಯ ಒಂದು ಹುಡುಗಿ ರೈಫಲ್ ಹಿಡಿದು ಬಂದಳು. ಕೈಲ್ ಪೊಳ್ದ್ ಹಬ್ಬಕ್ಕೆ ಊರಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿ ಬೆಳೆದವಳು, ಕೋವಿಯ ಭಯವಿಲ್ಲ. "ಅಂಕಲ್, ಟ್ರಿಗರ್ ಒಂದೊಂದು ಸಲ ಒಂದೊಂದು ಥರ ಇರುತ್ತದೆ" ಎಂದಳು. ಬಿಗಿ ಎನ್ನಲಿಲ್ಲ, ಗಮನಿಸಿ. ಆ ಒಂದು ಮಾತಿಗೇ ಅವಳ ಮೇಲೆ ಗೌರವ ಬಂತು. ಅಪ್ಪ ಮಾತ್ರ ಎಲ್ಲಿಂದಲೋ ತರಿಸಲಿರುವ ಟ್ರಿಗರ್ ಕಿಟ್ಟಿನ ಚಿತ್ರವನ್ನು ಮೊಬೈಲಿನಲ್ಲಿ ಸಿದ್ಧವಾಗಿ ಇಟ್ಟುಕೊಂಡಿದ್ದರು.

ವಿಮಾನಕ್ಕೆ ಹೋಗುವವರು ಸೂಟ್‌ಕೇಸ್ ತೂಗುತ್ತಾರಲ್ಲ, ಅಂಥ ಕೊಕ್ಕೆಯ ಡಿಜಿಟಲ್ ತಕ್ಕಡಿ ನನ್ನ ಬಳಿ ಇದೆ. 500 ರೂಪಾಯಿಯೊಳಗೆ ಸಿಗುತ್ತದೆ. ಅದು ಸುಳ್ಳು ಹೇಳುತ್ತಿಲ್ಲ ಎಂದು ಒಂದು ಲೀಟರ್ ನೀರಿನ ಬಾಟಲಿ ತೂಗಿ ಖಚಿತಪಡಿಸಿಕೊಳ್ಳುತ್ತೇನೆ. ರೈಫಲ್ಲನ್ನು ಮರಳುಚೀಲದ ಮೇಲೆ ಮಲಗಿಸಿ, ಮುಖ ಗುರಿಹಲಗೆಯ ಕಡೆಗೇ ಇಟ್ಟು, ಒಳಗೆ ಪೆಲೆಟ್ ಹಾಕಿ (ಸ್ಪ್ರಿಂಗ್ ರೈಫಲ್ಲನ್ನು ಖಾಲಿ ಹೊಡೆದರೆ ಸ್ಪ್ರಿಂಗ್ ನೂಕುವ ಪಿಸ್ಟನ್ ನೇರ ಸಿಲಿಂಡರಿನ ತುದಿಗೋಡೆಗೆ ಬಡಿದು ಹಾಳಾಗುತ್ತದೆ), ಕೊಕ್ಕೆಯನ್ನು ಟ್ರಿಗರಿನ ನಡುಭಾಗಕ್ಕೆ ಸಿಕ್ಕಿಸಿ ನೇರ ಹಿಂದಕ್ಕೆ ಎಳೆದೆ. ಐದು ಸಲ. ಬಂದ ಅಂಕಿಗಳು: 2.3, 1.9, 2.6, 2.0, 2.4 ಕಿಲೋ. ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ಎರಡು ಎಳೆತಗಳ ನಡುವೆ 700 ಗ್ರಾಂವರೆಗೂ ವ್ಯತ್ಯಾಸ.

ಹಿಡಿಕೆಯ ಸ್ಕ್ರೂಗಳಿಗೆ ಅಲೆನ್ ಕೀ ಹಾಕಿದರೆ ಟ್ರಿಗರ್ ಗಾರ್ಡಿನ (ಟ್ರಿಗರಿನ ಸುತ್ತಲಿನ ಕಾವಲು ಬಳೆ) ಬಳಿಯದು ಕೀಲಿಯನ್ನೇ ತಡೆಯದೆ ಸುಮ್ಮನೆ ತಿರುಗಿತು. ಸ್ಪ್ರಿಂಗ್ ರೈಫಲ್ ಪ್ರತಿ ಹೊಡೆತಕ್ಕೂ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಒದೆಯುವುದರಿಂದ ಸ್ಕ್ರೂಗಳು ಸಡಿಲವಾಗುವುದು ಸಹಜ, ಬಿಗಿ ನೋಡಿಕೊಳ್ಳುವ ಅಭ್ಯಾಸವೇ ಯಾರಿಗೂ ಇಲ್ಲ. ಹಿಡಿಕೆ ಕಳಚಿ ಕೆಳಗಿನಿಂದ ಟ್ರಿಗರಿನ ಗೂಡು ನೋಡಿದೆ. ಕಾರ್ಖಾನೆಯಲ್ಲಿ ಬಳಿದ ಗ್ರೀಸು ಒಣಗಿ, ಧೂಳು ಸೇರಿ, ಹಳೆಯ ಹೊಲಿಗೆ ಯಂತ್ರದ ಅಡಿಯಲ್ಲಿ ಕಾಣುವ ಅಂಟಿನಂತಾಗಿತ್ತು. ಸೀಮೆಎಣ್ಣೆ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒಣಗಿಸಿ, ಸಿಯರ್ ಮುಟ್ಟುವ ಜಾಗಕ್ಕೆ ಬೆಂಕಿಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ಮಾಲಿಬ್ಡಿನಂ ಗ್ರೀಸ್ ಇಟ್ಟೆ. ಹೆಚ್ಚು ಬೇಡ. ಎಣ್ಣೆಯ ಅಂಶ ಹರಿದು ಪಿಸ್ಟನ್ನಿನ ಮುಂದಕ್ಕೆ ಹೋದರೆ ಪ್ರತಿ ಹೊಡೆತಕ್ಕೂ ಒಳಗೇ ಹೊತ್ತಿಕೊಂಡು ಹೊಗೆಯಾಡುತ್ತದೆ. ಸ್ಕ್ರೂಗಳನ್ನು ಬಿಗಿದು, ತಲೆಯಿಂದ ಮರದವರೆಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದೆ. ಸ್ಕ್ರೂ ಕದಲಿದರೆ ಗೆರೆ ಮುರಿದು ತೋರಿಸುತ್ತದೆ. ಬಣ್ಣ ನನ್ನ ಹೆಂಡತಿಯದು, ಕಡುಗೆಂಪು.

ಮತ್ತೆ ಐದು ಸಲ ಎಳೆದೆ: 1.9, 2.0, 1.9, 1.9, 2.0. ಸರಾಸರಿ ಇಳಿದದ್ದು 300 ಗ್ರಾಂ, ಅದೇನು ದೊಡ್ಡದಲ್ಲ. ವ್ಯತ್ಯಾಸ ಮಾತ್ರ 700ರಿಂದ 100 ಗ್ರಾಮಿಗೆ ಬಂತು. ಹಳೆಯ ಸ್ಕೂಟರಿನ ಕ್ಲಚ್ ಬಿಗಿಯಾಗಿದ್ದರೂ ಎಲ್ಲಿ ಕಚ್ಚುತ್ತದೆ ಎಂದು ಕೈಗೆ ಗೊತ್ತಿದ್ದರೆ ಗಾಡಿ ಎಗರುವುದಿಲ್ಲ. ಬೆರಳಿಗೂ ಅಷ್ಟು ಗೊತ್ತಾದರೆ ಸಾಕು, ಎರಡು ಕಿಲೋವನ್ನೂ ಅದು ಕಲಿತುಕೊಳ್ಳುತ್ತದೆ.

ಆಮೇಲೂ ಭಾರವೆನಿಸಿದರೆ ಟ್ರಿಗರಿನ ನಾಲಿಗೆಯನ್ನು ಅಗಲ ಮಾಡಿ. ಕಡ್ಡಿಯಷ್ಟು ಸಪೂರ ನಾಲಿಗೆ ಬೆರಳಿಗೆ ಒತ್ತುವುದು ಚೀಲದ ದಾರ ಕೈಗೆ ಒತ್ತಿದ ಹಾಗೆ. ಅದೇ ಭಾರವನ್ನು ಹತ್ತು ಮಿ.ಮೀ. ಅಗಲದಲ್ಲಿ ಹಂಚಿದರೆ ಹಗುರವೆನಿಸುತ್ತದೆ. ಪೀಣ್ಯದಂಥ ಕಡೆ ಸಣ್ಣ ಲೇತ್ ಅಂಗಡಿಯವರು ಅಲ್ಯೂಮಿನಿಯಂ ತುಂಡಿನಲ್ಲಿ ಇಂಥ ತೊಡುಗೆ ಮಾಡಿಕೊಡುತ್ತಾರೆ, ತಲೆಯಿಲ್ಲದ ಪುಟ್ಟ ಗ್ರಬ್ ಸ್ಕ್ರೂ ಹಾಕಿ ಕೂರಿಸಿದರೆ ಆಯಿತು. ಬೆರಳಿಡುವ ಜಾಗವನ್ನೂ ನೋಡಿ. ಟ್ರಿಗರ್ ಒಂದು ಸನ್ನೆಕೋಲು, ಮೇಲೆ ಹಿಡಿದರೆ ಭಾರ, ತುದಿಯಲ್ಲಿ ಹಿಡಿದರೆ ಹಗುರ. ಬಿಟ್ಟಿಯಾಗಿ ಸಿಗುವ ಈ ಲಾಭವನ್ನು ನಮ್ಮ ರೇಂಜಿನಲ್ಲಿ ಅರ್ಧ ಜನ ಬಳಸುವುದಿಲ್ಲ.

ನಿಮ್ಮ ಟ್ರಿಗರಿನಲ್ಲಿ ಹೊಂದಿಸುವ ಸ್ಕ್ರೂ ಇದ್ದರೆ, ಅದರ ಜೊತೆ ಬಂದ ಪುಸ್ತಿಕೆ ಓದಿ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ. ಪ್ರತಿ ಬಾರಿ ಸ್ಪ್ರಿಂಗ್ ಬಿಗಿದು, ನಳಿಕೆಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ಜಾರುತ್ತದೆಯೇ ಎಂದು ಪರೀಕ್ಷಿಸಿ. ಮುಚ್ಚಿದ ಮೇಲೆ ಹಿಂಬದಿಯನ್ನು ರಬ್ಬರ್ ಚಾಪೆಗೆ ಮೆಲ್ಲಗೆ ತಟ್ಟಿ ನೋಡಿ, ಮುಖ ಸುರಕ್ಷಿತ ದಿಕ್ಕಿಗಿರಲಿ. ಟ್ರಿಗರಿನ ಸ್ಪ್ರಿಂಗ್ ತುಂಡರಿಸಬೇಡಿ. ಹಿಂಬದಿಯ ಮುಚ್ಚಳವನ್ನಂತೂ ಸ್ಪ್ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಬಿಚ್ಚಲೇಬೇಡಿ, ಒಳಗಿನ ಸ್ಪ್ರಿಂಗ್ ಬಿಡುವಿದ್ದಾಗಲೂ ಒತ್ತಿಕೊಂಡೇ ಕೂತಿರುತ್ತದೆ.

ಹಾಗಾದರೆ ಟ್ರಿಗರ್ ಪೂರ್ತಿ ಬದಲಾಯಿಸುವುದು ಎಂದೂ ಬೇಡವೇ? ಅಮೆರಿಕದಲ್ಲಿ ಬೋಲ್ಟ್ ಆಕ್ಷನ್ (ಕೈಯಿಂದ ಬೋಲ್ಟ್ ಎಳೆದು ಗುಂಡು ತುಂಬುವ) ರೈಫಲ್ ಇರುವವರು ಟಿಮ್ನಿಯಂಥ ಕಂಪನಿಯ ಸಿದ್ಧ ಟ್ರಿಗರ್ ತಂದು, ಒಂದೆರಡು ಪಿನ್ ಬಡಿದು ತೆಗೆದು ಮನೆಯಲ್ಲೇ ಕೂರಿಸಿಕೊಳ್ಳುತ್ತಾರೆ. ಅಲ್ಲಿನ ವೀಡಿಯೊ ನೋಡಿ ಇಲ್ಲಿ ಆಸೆ ಹುಟ್ಟುತ್ತದೆ. ನಮ್ಮಲ್ಲಿ 4.5 ಮಿ.ಮೀ. ನಳಿಕೆಯ, 20 ಜೂಲ್ ಮೀರದ ಏರ್ ರೈಫಲ್ಲಿಗೆ ಪರವಾನಗಿ ಬೇಡ. ಗುಂಡು ಹಾರಿಸುವ .22 ರೈಫಲ್ ಹಾಗಲ್ಲ. ಶಸ್ತ್ರಾಸ್ತ್ರ ಕಾಯ್ದೆಯಡಿ ಅದರ ರಿಪೇರಿ ಮಾಡುವವನಿಗೂ ಪರವಾನಗಿ ಬೇಕು. ಅದನ್ನು ಯಾರಾದರೂ ನನ್ನ ಮೇಜಿನ ಮೇಲೆ ಇಟ್ಟರೆ ಚೀಲವನ್ನೂ ಬಿಚ್ಚದೆ ಹಿಂದಿರುಗಿಸುತ್ತೇನೆ. ಅಗ್ಗದ ಸ್ಪ್ರಿಂಗ್ ರೈಫಲ್ಲಿಗೆ ಅದರ ಅರ್ಧ ಬೆಲೆಯ ಟ್ರಿಗರ್ ಹಾಕುವುದಕ್ಕಿಂತ ಆ ಹಣದಲ್ಲಿ ಪೆಲೆಟ್ ಕೊಳ್ಳಿ. ಒಂದು ಡಬ್ಬಿಯಲ್ಲಿ 500 ಇರುತ್ತವೆ, ಸ್ಪರ್ಧೆಯ ಒಂದು ಸುತ್ತಿಗೆ ಬೇಕಾದದ್ದು 60. ಮಗು ಎರಡು ವರ್ಷ ಬಿಡದೆ ಬಂದರೆ ಆಗ ಕ್ಲಬ್ಬಿನಲ್ಲಿ ಯಾರಾದರೂ ಮಾರುವ ಹಳೆಯ ಸ್ಪರ್ಧಾ ರೈಫಲ್ಲನ್ನೇ ನೋಡಿ, ಒಳ್ಳೆಯ ಟ್ರಿಗರ್ ಅದರೊಳಗೇ ಬರುತ್ತದೆ.

ಆ ಹುಡುಗಿ ಈ ತಿಂಗಳು ಮತ್ತೆ ಬಂದಿದ್ದಳು. ಅಪ್ಪನ ಮೊಬೈಲಿನಲ್ಲಿ ಈಗ ಹಿಂದಿನ ಸೈಟಿನ ಚಿತ್ರ. ಅವಳು ರೈಫಲ್ ತಿರುಗಿಸಿ ಗಾರ್ಡಿನ ಬಳಿಯ ಕೆಂಪು ಗೆರೆ ತೋರಿಸಿದಳು. ಅದು ಎರಡು ತುಂಡಾಗಿತ್ತು. "ಕಾಲು ಸುತ್ತು ಸಡಿಲವಾಗಿದೆ ಅಂಕಲ್" ಎಂದವಳೇ ಜೇಬಿನಿಂದ ತನ್ನದೇ ಅಲೆನ್ ಕೀ ತೆಗೆದು ಬಿಗಿದುಕೊಂಡಳು. ಆಮೇಲೆ ಕೇಳಿದ್ದು, ಉಗುರುಬಣ್ಣ ಸಿಗಬಹುದೇ ಎಂದು.