ಅಮ್ಮನ ಕೊನೆಗೊಂದು ಜರ್ಮನ್ ಅಕ್ಷರ

ಅಪ್ಪ 2004ರ ಸುಮಾರಿಗೆ ನಮ್ಮೂರಿನ ಬಗ್ಗೆ ಟೈಪ್ ಮಾಡಿಟ್ಟಿದ್ದ ಫೈಲೊಂದು ಹಳೇ ಸೀಡೀಲಿ ಸಿಕ್ತು, ಆಸೆಯಿಂದ ಲ್ಯಾಪ್‌ಟಾಪಲ್ಲಿ ಓಪನ್ ಮಾಡಿದ್ರೆ ಒಂದಕ್ಷರ ಕನ್ನಡ ಇಲ್ಲ. ಮೊದಲನೇ ಪದ ನೋಡಿ: ಕ್ಯಾಪಿಟಲ್ ಪಿ, ತಲೆ ಮೇಲೆ ಓರೆ ಗೀಟಿರೋ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಇನ್ನೊಂದು ಗೀಟಿನ ಎ. ಹಳೇ ಪಿಡಿಎಫ್‌ನಿಂದ ಕಾಪಿ ಪೇಸ್ಟ್ ಮಾಡಿದವರಿಗೆಲ್ಲ ಈ ಸಾಲು ನೋಡಿ ನೋಡಿ ಅಭ್ಯಾಸ ಆಗಿರುತ್ತೆ. ಅದು "ಕನ್ನಡ".

ಕಂಪ್ಯೂಟರಿಗೆ ಅಕ್ಷರ ಅಂದ್ರೆ ಒಂದು ನಂಬರ್ ಅಷ್ಟೇ. ಯಾವ ಅಕ್ಷರಕ್ಕೆ ಯಾವ ನಂಬರ್ ಅಂತ ಹೇಳೋ ಹಳೇ ಪಟ್ಟಿ ಆಸ್ಕಿ, ಅದ್ರಲ್ಲಿ ಇದ್ದದ್ದು 128 ಮನೆ, ಇಂಗ್ಲಿಷಿಗೆ ಸಾಕು, ಫ್ರೆಂಚ್ ಜರ್ಮನ್‌ಗೆ ಸಾಲಲ್ಲ. ಒಂದು ಬೈಟಲ್ಲಿ 256 ಮನೆ ಹಿಡಿಯೋದ್ರಿಂದ ಮೇಲಿನ ಅರ್ಧ ಖಾಲಿ ಇತ್ತು, 1987ರ ಐಎಸ್‌ಒ 8859-1 ಅನ್ನೋ ಪಟ್ಟಿ ಅಲ್ಲಿ ಪಶ್ಚಿಮ ಯುರೋಪಿನ ಗೀಟು ಚುಕ್ಕಿ ಇರೋ ಅಕ್ಷರಗಳನ್ನೆಲ್ಲ ತಂದು ಕೂರಿಸ್ತು, ವಿಂಡೋಸಲ್ಲೂ ಹೆಚ್ಚುಕಮ್ಮಿ ಅದೇ ಪಟ್ಟಿ. ಆ ಓರೆ ಗೀಟಿನ ಎ ಇರೋದು 192ನೇ ಮನೇಲಿ. ಆದ್ರೆ 192 ಬಂದ್ರೆ ಪರದೆ ಮೇಲೆ ಏನು ಚಿತ್ರ ಬಿಡಿಸ್ಬೇಕು ಅಂತ ಹೇಳೋದು ಫಾಂಟು, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಫಾಂಟಲ್ಲಿ ಆ ಮನೇಲಿ ಇರೋದು ನಮ್ಮ ತಲೆಕಟ್ಟು. ಪಿ ಅಂದ್ರೆ ತಲೆಕಟ್ಟಿಲ್ಲದ ಕ, ಎರಡೂ ಸೇರಿದ್ರೆ ಕ. ಗೀಟು ಆ ಕಡೆಗೆ ವಾಲಿದ್ರೆ 193, ಅದು ದೀರ್ಘ, ಕಾ ಆಗುತ್ತೆ.

ಪ್ರಪಂಚದ ಲಿಪಿಗಳಿಗೆಲ್ಲ ಬೇರೆ ಬೇರೆ ನಂಬರ್ ಕೊಡೋ ಯೂನಿಕೋಡ್ ಪಟ್ಟಿಯ ಕನ್ನಡ ಇನ್ನೂ ಎಲ್ಲರ ಕಂಪ್ಯೂಟರಿಗೆ ಬಂದಿರದ ಕಾಲದಲ್ಲಿ ಇಷ್ಟು ಕಿರಿದಾದ ಜಾಗದಲ್ಲಿ ಇಡೀ ಕಾಗುಣಿತ, ಒತ್ತು ಎಲ್ಲ ಹಿಡಿಸಿದ್ದು ಸಣ್ಣ ಕೆಲಸ ಅಲ್ಲ, ನಂಗೆ ನುಡಿ ಮಾಡಿದವರ ಮೇಲೆ ತುಂಬಾ ಗೌರವ ಇದೆ.

ಆ ಫೈಲನ್ನ ಒಂದೊಂದೇ ಪದ ಬಿಡಿಸ್ತಾ ಕೂತಾಗ ಮೈ ಜುಂ ಅಂತು. ಅಮ್ಮ ಅನ್ನೋದರ ಕೊನೇಲಿ ಮ ಒತ್ತಿಗೆ ಜರ್ಮನ್ನರ ಎರಡು ಚುಕ್ಕಿ ಎ. ಕರ್ನಾಟಕದ ಅರ್ಕಾವತ್ತು ಇದೆಯಲ್ಲ, ಅದು ಐಸ್‌ಲ್ಯಾಂಡಿನವರ ಎಥ್ ಅನ್ನೋ ಅಕ್ಷರ, 240. ಅಪ್ಪ ಅನ್ನೋದರಲ್ಲಿ ದೊಡ್ಡ ಗೀಟಿನ ಎ ಪಕ್ಕದಲ್ಲೇ ಸಣ್ಣ ಗೀಟಿನ ಎ, ದೊಡ್ಡದು ತಲೆಕಟ್ಟು, ಸಣ್ಣದು ಪ ಒತ್ತು. ಫ್ರೆಂಚಲ್ಲಿ ಎರಡೂ ಒಂದೇ ಅಕ್ಷರ, ನಮಗೆ ಸಂಬಂಧಾನೇ ಇಲ್ಲ. ಹಾಗಾಗಿ ವರ್ಡು ತಾನಾಗೇ ವಾಕ್ಯದ ಮೊದಲ ಅಕ್ಷರ ಕ್ಯಾಪಿಟಲ್ ಮಾಡಿಬಿಟ್ರೆ ಕಥೆ ಮುಗೀತು, ಸಣ್ಣ ಕ್ಯೂ ಡ, ದೊಡ್ಡ ಕ್ಯೂ ಕಿ. ಅಪ್ಪನ ಫೈಲಲ್ಲಿ "ಡಬ್ಬಿ" ಅಂತ ಶುರುವಾಗೋ ಒಂದು ಸಾಲು ಹೀಗೇ ಕೆಟ್ಟಿತ್ತು, ಅದು ಡಬ್ಬಿ ಅಂತ ಹೊಳೆಯೋಕೆ ನಂಗೆ ಅರ್ಧ ಗಂಟೆ ಹಿಡೀತು.

ಯೂನಿಕೋಡಲ್ಲಿ ಕನ್ನಡಕ್ಕೆ ಸ್ವಂತ ಮನೆ, 3200ರಿಂದ 3327. "ಕನ್ನಡ" ಪದಕ್ಕೆ ಐದು ಸಂಕೇತ, ಅವನ್ನ ಬೈಟುಗಳಾಗಿ ಬರೆದಿಡೋ ಯುಟಿಎಫ್-8 ಅನ್ನೋ ವಿಧಾನದಲ್ಲಿ ಒಂದೊಂದಕ್ಕೆ ಮೂರು ಬೈಟು, ಒಟ್ಟು 15. ಹಳೇದ್ರಲ್ಲಿ ಏಳೇ ಬೈಟು, ಆದ್ರೆ ಫಾಂಟ್ ಇಲ್ಲದಿದ್ರೆ ಅದು ಕನ್ನಡ ಅಂತ ಯಾರಿಗೂ ಗೊತ್ತಾಗಲ್ಲ, ಸರ್ಚಿಗೂ ಸಿಗಲ್ಲ. ಹಳೇ ಫೈಲನ್ನ ಯೂನಿಕೋಡಿಗೆ ತರೋ ಕನ್ವರ್ಟರ್ ಅಂದ್ರೆ ಬರೀ ನಂಬರ್ ಬದಲಾಯಿಸೋದು ಅಂದ್ಕೊಂಡಿದ್ದೆ. ಅಲ್ಲ. ಹಳೇದ್ರಲ್ಲಿ "ಕರ್ನಾಟಕ"ದ ಅರ್ಕಾವತ್ತು ಕಣ್ಣಿಗೆ ಕಾಣೋ ಹಾಗೆ "ನಾ" ಆದ್ಮೇಲೆ ಬರುತ್ತೆ, ಯೂನಿಕೋಡಲ್ಲಿ ಬಾಯಲ್ಲಿ ಹೇಳೋ ಹಾಗೆ ರ ಮೊದಲು, ಅದನ್ನ ಎತ್ತಿ ಹಿಂದಕ್ಕೆ ಇಡ್ಬೇಕು. ಮಧ್ಯೆ ಮಧ್ಯೆ ಅಪ್ಪ ಇಂಗ್ಲಿಷಲ್ಲೇ ಬರೆದಿದ್ದ ಹೆಸರುಗಳೂ ಕನ್ನಡ ಆಗೋಕೆ ಹೋಗಿ ಕಲಸುಮೇಲೋಗರ ಆಗಿವೆ, ಅವನ್ನ ಕೈಯಲ್ಲೇ ಸರಿ ಮಾಡ್ತಿದ್ದೀನಿ. ನಿಮ್ಮನೇಲೂ ಇಂಥ ಫೈಲಿದ್ರೆ ಮೂಲ ಕಾಪಿ ಮುಟ್ಬೇಡಿ, ಇನ್ನೊಂದು ಕಾಪಿ ಮಾಡ್ಕೊಂಡು ಶುರು ಮಾಡಿ, ಜೊತೆಗೆ ಯಾವ ಫಾಂಟು ಅಂತ ಒಂದು ಸಾಲು ಬರೆದಿಡಿ.

ನಲವತ್ತು ಪುಟದಲ್ಲಿ ಇಪ್ಪತ್ಮೂರು ಆಗಿದೆ. ನಿನ್ನೆ ಅಮ್ಮಂಗೆ ಕೆರೆ ಏರಿ ಒಡೆದ ವರ್ಷದ ಭಾಗ ಫೋನಲ್ಲಿ ಓದಿ ಹೇಳ್ದೆ, ಮುಂದಿಂದು ಬೇಗ ಓದು ಅಂದ್ರು.