ಒಂಬತ್ತು ‘ನೊ’

ಒಂಬತ್ತನೆಯ ‘ನೊ’ ಕಿವಿಗೆ ಬಿದ್ದಾಗ ನಾನು ಚಹಾದ ಗಾಜಿನ ಲೋಟವನ್ನು ಮೇಜಿನ ಮೇಲಿಟ್ಟು ಎದ್ದುಬಿಟ್ಟೆ.

ಪೋಲೆಂಡಿನ ಕ್ರಾಕೋವ್ ನಗರಕ್ಕೆ ಬಂದು ಅಂದಿಗೆ ಹನ್ನೆರಡು ದಿನ. ಕಚೇರಿಯವರು ಒದಗಿಸಿದ್ದ ಕೋಣೆಯನ್ನು ಹದಿನಾಲ್ಕನೆಯ ದಿನ ಬಿಡಬೇಕಿತ್ತು. ಫೆಬ್ರವರಿ ತಿಂಗಳು. ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ, ಕಾಲುದಾರಿಗಳೆಲ್ಲ ಮಳೆಗಾಲದಲ್ಲಿ ಪಾಚಿ ಹಿಡಿದ ನಮ್ಮ ಸಾಗರದ ಅಂಗಳದಂತೆ ಜಾರುತ್ತಿದ್ದವು. ಊರಿನಲ್ಲಾದರೆ ಅಡಿಕೆ ಸೋಗೆ ಹಾಸಿಕೊಂಡು ನಡೆಯಬಹುದು. ಅಷ್ಟರಲ್ಲಿ ಮೂರು ಮನೆ ನೋಡಿ ಆಗಿತ್ತು. ಒಂದರ ಬಾಡಿಗೆ ನಿಲುಕುವಂತಿರಲಿಲ್ಲ, ಇನ್ನೊಂದರ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ, ಮೂರನೆಯದರ ಒಡೆಯ ನನ್ನ ಮುಖ ನೋಡಿದ ಮೇಲೆ ‘ಈಗಷ್ಟೇ ಬೇರೆಯವರಿಗೆ ಮಾತು ಕೊಟ್ಟೆ’ ಎಂದಿದ್ದ. ಹಾಗಾಗಿ ನಾಲ್ಕನೆಯ ಮನೆಗೆಂದು ಟ್ರಾಮ್ ಹತ್ತುವಾಗಲೇ ನಾನು ‘ಇಲ್ಲ’ ಎನ್ನಿಸಿಕೊಳ್ಳಲು ತಯಾರಾಗಿದ್ದೆ.

ಮನೆ ಇದ್ದದ್ದು ನೋವಾ ಹೂತಾ ಎಂಬಲ್ಲಿ. ಹೆಸರು ಕೇಳಿದ ಅಮ್ಮ ಫೋನಿನಲ್ಲಿ, “ನೋವಾ? ಎಲ್ಲಿ ನೋವು?” ಎಂದು ಗಾಬರಿಯಾಗಿದ್ದರು. ಪೋಲಿಷ್ ಭಾಷೆಯಲ್ಲಿ ‘ನೋವಾ’ ಎಂದರೆ ಹೊಸದು. ನೋವಾ ಹೂತಾ ಎಂದರೆ ಹೊಸ ಉಕ್ಕಿನ ಕಾರ್ಖಾನೆ. ಅಲ್ಲಿಯ ಕಾರ್ಮಿಕರಿಗಾಗಿ ಕಮ್ಯುನಿಸ್ಟ್ ಸರ್ಕಾರ 1949ರಲ್ಲಿ ಕಟ್ಟಲು ತೊಡಗಿದ ಪಟ್ಟಣ ಈಗ ಕ್ರಾಕೋವ್‌ನದೇ ಒಂದು ಭಾಗ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ಸೋದರಮಾವನ ಮನೆಯಿದ್ದ ನನಗೆ, ಆ ಉದ್ದುದ್ದ ಬೂದು ಕಟ್ಟಡಗಳ ಸಾಲು ಅಷ್ಟೇನೂ ಪರಕೀಯ ಎನಿಸಲಿಲ್ಲ.

ಬಾಗಿಲು ತೆರೆದವರು ಎಪ್ಪತ್ತು ದಾಟಿದ ಹೆಂಗಸು. ಅಂಥವರನ್ನು ‘ಪಾನಿ’ ಎಂದು ಕರೆಯಬೇಕು, ಅಂದರೆ ಅಮ್ಮನವರು. ಅರ್ಧ ಹಿಂದಿ ಬಲ್ಲ ನನ್ನ ನಾಲಿಗೆಗೆ ಪ್ರತಿಸಲವೂ ನೀರು ಕೇಳಿದಂತಾಗುತ್ತಿತ್ತು. ನಾನು ಬೂಟು ಕಳಚಿದ್ದನ್ನು ಕಂಡು ಅವರ ಮುಖ ಅರಳಿತು. ಅಲ್ಲಿಯೂ ಚಪ್ಪಲಿ, ಬೂಟು ಬಾಗಿಲಲ್ಲೇ. ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ಕೊಟ್ಟರು, ನಿಂಬೆಯ ಬಿಲ್ಲೆ ತೇಲುವ ಹಾಲಿಲ್ಲದ ಚಹಾ ಕೊಟ್ಟರು, ಕೋಣೆ ತೋರಿಸಿದರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಪೋಲಿಷ್ ಬಾರದು. ಕೈಸನ್ನೆಯಲ್ಲೇ ಬಾಡಿಗೆಯವರೆಗೆ ಬಂದೆವು. ಆಮೇಲೆ ಅವರು ಮಗನಿಗೆ ಫೋನು ಹಚ್ಚಿದರು.

ಮೊದಲು ನನ್ನ ಕಡೆ ನೋಡುತ್ತ ಏನೋ ವಿವರಿಸಿದರು. ನಡುವೆ ‘ಇಂಡಿಯೆ’ ಎಂಬುದೊಂದು ಅರ್ಥವಾಯಿತು. ಅಲ್ಲಿಂದ ಮುಂದೆ ಮಾತೆಲ್ಲ ಮಗನದು. ಇವರದು ಬರೀ ‘ನೊ’. ಒಂದು ‘ನೊ’, ಸ್ವಲ್ಪ ತಡೆದು ‘ನೊ, ನೊ’, ಮತ್ತೆ ನಿಟ್ಟುಸಿರಿನೊಂದಿಗೆ ಎಳೆದ ಒಂದು ‘ನೊ’. ನಾನು ಲೋಟದೊಳಗಿನ ನಿಂಬೆ ಬಿಲ್ಲೆಯನ್ನು ನೋಡುತ್ತ ಎಣಿಸತೊಡಗಿದೆ. ಕೊನೆಗೆ ಕೈ ಬೀಸಿ ಬೀಸಿ ‘ನೊ, ನೊ, ನೊ!’ ಎಂದರು. ಅಲ್ಲಿಗೆ ಒಂಬತ್ತಾಯಿತು. ಇಷ್ಟು ಖಡಾಖಂಡಿತವಾಗಿ ಬೇಡ ಎನ್ನುವವರ ಮನೆಯಲ್ಲಿ ಚಹಾ ಮುಗಿಸುವುದೂ ಸರಿಯಲ್ಲ ಎನಿಸಿತು. ನನಗೆ ಬರುತ್ತಿದ್ದ ಒಂದೇ ಪದ ‘ಜೆಂಕೂಯೆ’, ಧನ್ಯವಾದ. ಅದನ್ನು ಹೇಳಿ, ಬೂಟಿಗೆ ಕಾಲು ತೂರಿಸಿ, ಲೇಸನ್ನೂ ಕಟ್ಟದೆ ಮೆಟ್ಟಿಲಿಳಿದೆ.

ಎರಡನೆಯ ಮಹಡಿಗೆ ಬರುವಷ್ಟರಲ್ಲಿ ಮೇಲಿನಿಂದ “ಪ್ರೊಶೆ ಪಾನಾ! ಪ್ರೊಶೆ ಪಾನಾ!” ಎಂಬ ಕೂಗು. ತಲೆಯೆತ್ತಿದರೆ ಪಾನಿ ಕಂಬಿಯ ಮೇಲಿಂದ ಬಾಗಿದ್ದಾರೆ, ಬಲಗೈಯಲ್ಲಿ ಬೀಗದ ಕೈ ಗೊಂಚಲು. ನನ್ನ ಕಾಲಲ್ಲಿ ಒಂದು ಬೂಟು, ಒಂದು ಅವರ ಮನೆಯ ಚಪ್ಪಲಿ.

ಮರುದಿನ ಕಚೇರಿಯಲ್ಲಿ ಪಕ್ಕದ ಮೇಜಿನ ಪೋಲಿಷ್ ಗೆಳೆಯ ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವರಲ್ಲಿ ಇಲ್ಲ ಎನ್ನಲು ‘ನ್ಯೆ’, ಹೌದು ಎನ್ನಲು ‘ತಾಕ್’. ‘ನೊ’ ಎಂದರೆ ನಮ್ಮ ‘ಹೂಂ’. ಹೂಂ ಹೇಳು, ಹೂಂ ಸರಿ, ಹೂಂ ಮತ್ತೆ, ಎಲ್ಲಕ್ಕೂ ಅದೇ. ‘ನೊ ತಾಕ್’ ಎಂದರೆ ‘ಹೌದಲ್ಲ ಮತ್ತೆ’, ‘ನೊ ದೊಬ್ಝೆ’ ಎಂದರೆ ‘ಆಗಲಿ, ಸರಿ’. ಪಾನಿಯ ಮಗ ಆ ಫೋನಿನಲ್ಲಿ, ಹುಡುಗ ಸಭ್ಯನೇ, ಕೆಲಸವಿದೆಯೇ, ಕೊಡೋಣವೇ ಎಂದೆಲ್ಲ ಕೇಳಿರಬೇಕು. ಒಂಬತ್ತು ಸಲವೂ ಆ ತಾಯಿ ನನ್ನ ಪರವಾಗಿಯೇ ವಾದಿಸಿದ್ದರು.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಇಂಗ್ಲಿಷಿನ ‘ನೋ’ ದೀರ್ಘ, ಇವರದು ಹ್ರಸ್ವ. ಒ ಮತ್ತು ಓ ಎರಡನ್ನೂ ಬೇರೆ ಬೇರೆ ಅಕ್ಷರವಾಗಿ ತಿದ್ದಿ ಬೆಳೆದ ಕಿವಿಗೆ ಅದು ಗೊತ್ತಾಗಬೇಕಿತ್ತು. ಆದರೆ ಹೆದರಿದ ಕಿವಿಗೆ ಹ್ರಸ್ವವೂ ದೀರ್ಘವಾಗಿಯೇ ಕೇಳುತ್ತದೆ.

ನಮ್ಮ ಕಚೇರಿಯಲ್ಲಿ ಹತ್ತಾರು ದೇಶಗಳ ಲೆಕ್ಕಪತ್ರ ನೋಡುತ್ತಿದ್ದುದರಿಂದ ಊಟದ ಮೇಜು ಒಂದು ಪುಟ್ಟ ಯುರೋಪಿನಂತಿತ್ತು. ನನ್ನ ಕಥೆ ಅಲ್ಲಿಗೆ ತಲುಪಿದ್ದೇ ತಡ, ಪ್ರತಿಯೊಬ್ಬರೂ ತಮ್ಮ ‘ನೊ’ ಹಿಡಿದುಕೊಂಡು ಬಂದರು. ಫಿನ್ಲೆಂಡಿನವಳ ‘ನೊ’ಗೆ ಅರ್ಥ ‘ಸರಿ, ಮತ್ತೇನು’ ಎನ್ನುವ ಹಾಗೆ. ಅವಳ ನಾಲಿಗೆಯ ಮೇಲೆ ಸದಾ ‘ನೊ ನೀನ್’. ಕೆಲಸ ಶುರುವಾದರೂ ಅದೇ, ಮುಗಿದರೂ ಅದೇ, ಕಾಫಿ ಚೆಲ್ಲಿದರೂ ಅದೇ. ರಾಗ ಬದಲಾದರೆ ಅರ್ಥ ಬದಲಾಯಿತು. ಅವಳು ‘ನೀನ್’ ಎಂದಾಗಲೆಲ್ಲ ನಾನೇಕೋ ತಲೆಯೆತ್ತುತ್ತಿದ್ದೆ. ನಾರ್ವೆಯವನು ತನ್ನ ಭಾಷೆಗೆ ಎರಡು ಬರವಣಿಗೆಯ ರೂಪಗಳಿವೆ ಎಂದ. ಅವುಗಳಲ್ಲೊಂದಾದ ನ್ಯೂನೊಶ್ಕ್‌ನಲ್ಲಿ ಈ ಎರಡಕ್ಷರ ಬರೆದರೆ ‘ಈಗ’. ರಷ್ಯನ್ ಭಾಷೆಯಲ್ಲಿ ಅದು ‘ಆದರೆ’. ಕುದುರೆಯನ್ನು ಹೊರಡಿಸಲೂ ‘ನೊ!’ ಎನ್ನುತ್ತಾರಂತೆ. ಅಂದರೆ ನಾವು ನಿಲ್ಲು ಎಂದುಕೊಳ್ಳುವ ಶಬ್ದಕ್ಕೆ ಅಲ್ಲಿಯ ಕುದುರೆ ಓಡುತ್ತದೆ. ಪೋರ್ಚುಗಲ್‌ನವನದು ಎಲ್ಲರಿಗಿಂತ ವಿಚಿತ್ರ. ಅವನಲ್ಲಿ ಅದು ನಮ್ಮ ಸಪ್ತಮಿ ವಿಭಕ್ತಿಯ ‘ಅಲ್ಲಿ’ ಇದ್ದಂತೆ. ‘ನೊ ಪೋರ್ತೊ’ ಎಂದು ಬರೆದು ‘ನು’ ಎಂದು ಓದಿದರೆ ಪೋರ್ತೊದಲ್ಲಿ ಎಂದರ್ಥ. ಇಟಲಿಯವಳೊಬ್ಬಳು ಮಾತ್ರ ಏನೂ ಹೇಳಲಾಗದೆ ಕುಳಿತಿದ್ದಳು. ಅವಳ ‘ನೊ’ ಎಂದರೆ ಇಲ್ಲ, ಅಷ್ಟೇ.

ಡೆನ್ಮಾರ್ಕಿನವನು ಪೋಲಿಷರ ‘ತಾಕ್’ ತನ್ನಲ್ಲಿ ‘ಧನ್ಯವಾದ’ ಎಂದು ಇನ್ನೊಂದು ಗಂಟು ಬಿಚ್ಚಲು ಬಂದ. ಊಟದ ಹೊತ್ತು ಮುಗಿದಿತ್ತು.

ಹೊಸ ಪದ ಸಿಕ್ಕ ಉತ್ಸಾಹದಲ್ಲಿ ಎಲ್ಲದಕ್ಕೂ ‘ನೊ’ ಎನ್ನತೊಡಗಿದೆ. ಒಂದು ಸಂಜೆ ಪಾನಿ ‘ಊಟ ಆಯಿತೇ’ ಎಂದು ಕೇಳಿದಾಗಲೂ ‘ನೊ’ ಎಂದೆ. ಅವರು ತೋರುಬೆರಳೆತ್ತಿ, “ನೊ ಅಲ್ಲ, ತಾಕ್” ಎಂದು ತಿದ್ದಿದರು. ದೊಡ್ಡವರ ಎದುರು ಹಾಗೆನ್ನುವುದು ಅಲ್ಲಿ ಉದ್ಧಟತನ. ಚಿಕ್ಕಂದಿನಲ್ಲಿ ನಮ್ಮ ಅಜ್ಜ, “ಹೂಂಗುಟ್ಟುವುದು ಎಮ್ಮೆ. ಬಾಯಿಬಿಟ್ಟು ಹೌದು ಎನ್ನು” ಎಂದು ಗದರುತ್ತಿದ್ದುದು ನೆನಪಾಗಿ, ಸುಮ್ಮನೆ ತಲೆತಗ್ಗಿಸಿದೆ.

ಇಷ್ಟೆಲ್ಲ ಕಲಿತವನು ಮತ್ತೆ ಬೀಳಬಾರದಿತ್ತು. ಅದೇ ವರ್ಷ ಅಕ್ಟೋಬರ್ ಕೊನೆಯಲ್ಲಿ ಅಥೆನ್ಸ್‌ಗೆ ಹೋಗಿದ್ದೆ. ಬೀದಿಯೆಲ್ಲ ನೀಲಿ-ಬಿಳಿ ಬಾವುಟ. 28ರಂದು ಅವರಿಗೆ ‘ಓಹಿ’ ದಿನದ ರಜೆ. ಗ್ರೀಕಿನಲ್ಲಿ ‘ಓಹಿ’ ಎಂದರೆ ಇಲ್ಲ. 1940ರಲ್ಲಿ ಮುಸೊಲಿನಿಯ ಸೇನೆಗೆ ದಾರಿ ಬಿಡುವಂತೆ ಬಂದ ಬೆದರಿಕೆಯನ್ನು ಪ್ರಧಾನಿ ಮೆತಾಕ್ಸಾಸ್ ತಿರಸ್ಕರಿಸಿದ ದಿನ ಅದು. ‘ಇಲ್ಲ’ ಎಂದದ್ದಕ್ಕೆ ಒಂದು ದೇಶ ಬಾವುಟ ಹಾರಿಸುವುದು ನನಗೆ ಬಹಳ ಹಿಡಿಸಿತು. ಆ ಗುಂಗಿನಲ್ಲೇ ಒಂದು ಬೇಕರಿಗೆ ನುಗ್ಗಿ, ಪದರಪದರದ ತಿನಿಸೊಂದನ್ನು ತೋರಿಸಿ, ಫೋನಿನಲ್ಲಿ ನೋಡಿಕೊಂಡಿದ್ದ ‘ಕ್ರೇಯಾಸ್?’ ಎಂಬ ಪದ ಬಿಟ್ಟೆ. ಮಾಂಸವೇ ಎಂದು. ಅಂಗಡಿಯಾಕೆ ನಗುತ್ತ ‘ನೆ’ ಎಂದಳು. ಎಂಟು ತಿಂಗಳು ‘ನ್ಯೆ’ ಕೇಳಿ ಪಳಗಿದ್ದ ನಾನು ಕೊಂಡು, ಹೊರಗೆ ಬಂದು ಒಂದು ಕಚ್ಚು ಕಚ್ಚಿದೆ.

ಗ್ರೀಕಿನಲ್ಲಿ ‘ನೆ’ ಎಂದರೆ ಹೌದು. ಆ ತುಣುಕನ್ನು ಏನು ಮಾಡಿದೆ ಎಂಬುದನ್ನು ಅಮ್ಮ ಓದಬಹುದಾದ ಬರಹದಲ್ಲಿ ಹೇಳುವುದಿಲ್ಲ. ಮರಳಿ ಒಳಗೆ ಹೋಗಿ ಇನ್ನೊಂದು ತಿನಿಸು ತೋರಿಸಿ ಅದೇ ಪ್ರಶ್ನೆ ಕೇಳಿದೆ. ಈ ಸಲ ಆಕೆ ಮಾತೇ ಆಡದೆ, ಗಲ್ಲವನ್ನು ತುಸು ಮೇಲೆತ್ತಿ, ನಾಲಿಗೆಯಿಂದ ‘ಚ್’ ಎಂದಳು. ‘ಮಳೆ ಬಂತೇ’ ಎಂದರೆ ನಮ್ಮ ತೋಟದ ಕೆಲಸದವರು ಮುಗಿಲು ನೋಡಿ ಮಾಡುವ ಸದ್ದೂ ಅದೇ. ಹಸಿದಿದ್ದೆ, ಪಾಲಕ್ ತುಂಬಿದ್ದ ಆ ತುಂಡು ರುಚಿಯಾಗಿತ್ತು.

ಊರಿಗೆ ಮರಳುವ ಮುಂಚಿನ ಭಾನುವಾರ ಪಾನಿಯ ಅಡುಗೆಮನೆಯಲ್ಲಿ ಕುಳಿತು ಅಮ್ಮನಿಗೆ ವಿಡಿಯೊ ಕರೆ ಮಾಡಿದ್ದೆ. ಅಷ್ಟು ಹೊತ್ತಿಗೆ ನನಗೆ ಹರಕುಮುರುಕು ಪೋಲಿಷ್ ಬರುತ್ತಿತ್ತು. ಪಾನಿ ಪಕ್ಕದಲ್ಲೇ ಆಲೂಗಡ್ಡೆ ಸುಲಿಯುತ್ತ ಕಿವಿಗೊಟ್ಟಿದ್ದರು. ಅಮ್ಮ ನನ್ನ ಟಿಕೆಟ್ಟಿನ ವಿಚಾರಕ್ಕೆ ತಕರಾರು ತೆಗೆದಿದ್ದರು. “ಅಲ್ಲಾ, ಟಿಕೆಟ್ ಆಯಿತು ಎಂದಿದ್ದೆಯಲ್ಲ, ಈಗ ದಿನ ಬದಲಾಯಿತು ಎನ್ನುತ್ತೀಯಲ್ಲ!” ನಾನೂ ಬಿಡಲಿಲ್ಲ. “ಅಲ್ಲಮ್ಮಾ, ನಾನು ಹೇಳಿದೆನಲ್ಲ, ಬರುವುದಂತೂ ಬರುತ್ತೇನಲ್ಲ!”

ಕರೆ ಮುಗಿದ ಮೇಲೆ ಪಾನಿ ಚಾಕು ಕೆಳಗಿಟ್ಟು, “ಆ ‘ಅಲ್ಲ’ ಎಂದರೆ ಏನು? ಇಬ್ಬರೂ ಅದನ್ನೇ ಹೇಳುತ್ತಿದ್ದಿರಿ” ಎಂದು ಕೇಳಿದರು.

“‘ನ್ಯೆ’ ಎಂದು” ಅಂದೆ, ಯೋಚಿಸದೆ.

ಅವರ ಹುಬ್ಬು ಮೇಲೇರಿತು. “ಊರಿಗೆ ಹೊರಟ ಮಗ ತಾಯಿಗೆ ಅಷ್ಟೊಂದು ಸಲ ‘ನ್ಯೆ’ ಎನ್ನುವುದೇ? ತಾಯಿಯೂ ಮಗನಿಗೆ?”

ಅದು ಅಲ್ಲದ ‘ಅಲ್ಲ’ ಅಲ್ಲ, ಹೌದೆನ್ನುವ ‘ಅಲ್ಲ’ ಎಂದು ಪೋಲಿಷ್‌ನಲ್ಲಿ ಹೇಳಲು ಹೊರಟು, ಎರಡನೆಯ ಪದಕ್ಕೇ ಸಿಕ್ಕಿಬಿದ್ದೆ. ಅವರು ಕಾಯುತ್ತಿದ್ದರು. ಕೊನೆಗೆ ನಾನು, “ನೊ...” ಎಂದೆ.

ಆ ಸಲ ಅವರು ತಿದ್ದಲಿಲ್ಲ.